ರೋಡಾಳ ಮದುವೆಯನ್ನು ಮುರಿದವರಾರು?

1974ನೆಯ ಇಸವಿ ಅಕ್ಟೋಬರ್ 28, ಸೋಮವಾರ ರಾತ್ರಿ. ಅಮೆರಿಕದಲ್ಲಿ ಐದು ಕೋಟಿಗೂ ಮಿಕ್ಕ ಜನ ತಮ್ಮ ತಮ್ಮ ಮನೆಯ ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕುಳಿತು ಒಂದು ಮದುವೆಯನ್ನು ನೋಡಿದರು. ವಧು ರೋಡಾ ಮಾರ್ಗೆನ್‌ಸ್ಟರ್ನ್. ನ್ಯೂಯಾರ್ಕಿನ ಯಹೂದಿ ಮನೆತನದ ಹೆಣ್ಣು, ಅಂಗಡಿಗಳ ಗಾಜಿನ ಕಿಟಕಿಗಳನ್ನು ಅಲಂಕರಿಸುವುದು ಅವಳ ಕಸಬು. ವರ ಜೋ ಜೆರಾರ್ಡ್. ಹಳೆಯ ಕಟ್ಟಡಗಳನ್ನು ಕೆಡವುವ ಕಂಪನಿಯೊಂದರ ಯಜಮಾನ. ಮದುಮಗಳನ್ನು ಕರೆದೊಯ್ಯಬೇಕಾಗಿದ್ದ ಗೆಳತಿ ಆ ಕೆಲಸವನ್ನೇ ಮರೆತುಬಿಟ್ಟಳು. ಪಾಪ, ರೋಡಾ ಬಿಳಿಯ ಮದುವೆಯುಡುಗೆಯ ನೆರಿಗೆಗಳನ್ನು ಎತ್ತಿ ಹಿಡಿದುಕೊಂಡು, ನೆಲದಡಿಯ ರೈಲು ಹತ್ತಿ, ಬ್ರಾಂಕ್ಸ್‌ನಲ್ಲಿದ್ದ ತವರುಮನೆಗೆ ಏದುಸಿರು ಬಿಡುತ್ತ ಬಂದು ಸೇರಬೇಕಾಯಿತು. ಅಂತೂ ಲಗ್ನ ನೆರವೇರಿತು. ನೋಡುತ್ತಿದ್ದವರಿಗೆ ತಮ್ಮ ಮನೆಯ ಹುಡುಗಿಯ ಮದುವೆಯನ್ನೇ ಮಾಡಿ ಮುಗಿಸಿದಷ್ಟು ಸಮಾಧಾನವಾಯಿತು.

ಈ ವಧೂವರರು ಎಲ್ಲಿಯೂ ಇದ್ದವರಲ್ಲ. ಸಿ.ಬಿ.ಎಸ್. ಸಂಸ್ಥೆ ವಾರಕ್ಕೊಮ್ಮೆ ಅರ್ಧ ಗಂಟೆಯ ಕಾಲ ಪ್ರಸಾರ ಮಾಡುತ್ತಿದ್ದ 'ರೋಡಾ' ಎಂಬ ಹಾಸ್ಯ ಧಾರಾವಾಹಿಯ ಪಾತ್ರಗಳು ಅವರು. ರೋಡಾ ಆದವಳು ವೇಲರಿ ಹಾರ್ಪರ್, ಜೋ ಆದವನು ಡೇವಿಡ್ ಗ್ರೋ. ಇಂಥ ನಾಟಕಕ್ಕೆ ಆ ದೇಶದಲ್ಲಿ ಸಿಟ್‌ಕಾಮ್ ಎನ್ನುತ್ತಾರೆ. ಅದೇ ಮನೆ, ಅದೇ ನಾಲ್ಕಾರು ಜನ, ವಾರಕ್ಕೊಂದು ಹೊಸ ಫಜೀತಿ. ಇದಿಷ್ಟೇ ಅದರ ಬಂಡವಾಳ.

ಎರಡು ವರ್ಷ ಕಳೆಯಿತು. 1976ರ ಸೆಪ್ಟೆಂಬರಿನಲ್ಲಿ ಮೂರನೆಯ ವರ್ಷದ ಕಂತುಗಳು ಆರಂಭವಾದಾಗ ಜೋ ಮನೆ ಬಿಟ್ಟು ಹೊರಟ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ನಮ್ಮ ಗಾದೆ ಆ ಮನೆಯ ಮಟ್ಟಿಗೆ ಸುಳ್ಳಾಯಿತು. ಪ್ರೇಕ್ಷಕರು ಕೆರಳಿದರು. ಸಂಸ್ಥೆಗೆ ಪತ್ರಗಳು ಸಾವಿರಗಟ್ಟಲೆ ಬಂದವು. ಕೆಲವರು ರೋಡಾಳಿಗೆ ಸಂತಾಪ ಸೂಚಿಸಿ ಬರೆದರು. ಕೆಲವರು ಜೋನ ಪಾತ್ರ ಮಾಡಿದ ಪಾಪದ ನಟನಿಗೇ ಬೈದು ಬರೆದರು. ಮೊದಲೆರಡು ವರ್ಷ ಜನಪ್ರಿಯತೆಯಲ್ಲಿ ಆರನೆಯ, ಏಳನೆಯ ಸ್ಥಾನಗಳಲ್ಲಿದ್ದ ಧಾರಾವಾಹಿ ಮೂರನೆಯ ವರ್ಷಕ್ಕೆ 32ನೆಯ ಸ್ಥಾನಕ್ಕೆ ಕುಸಿಯಿತು. 1978ರ ಡಿಸೆಂಬರಿನಲ್ಲಿ ನಿಂತೇಹೋಯಿತು.

ಇಲ್ಲದ ಗಂಡ, ಇಲ್ಲದ ಹೆಂಡತಿ. ಅವರ ಇಲ್ಲದ ಸಂಸಾರ ಒಡೆದುದಕ್ಕೆ ಇರುವ ಜನರಿಗೆ ಇಷ್ಟೊಂದು ಸಂಕಟವೇಕೆ? ಕೆಲಸವಿಲ್ಲದವರ ಹುಚ್ಚು ಎಂದು ನಕ್ಕುಬಿಡುವುದು ಸುಲಭ. ಆದರೆ ಈ ಸಿಟ್ಟಿನ ಚರಿತ್ರೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ, ಅದರಲ್ಲಿ ಹುಚ್ಚಿಗಿಂತ ವಿವೇಕವೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಮೊದಲನೆಯದಾಗಿ, ಇದು ಟೆಲಿವಿಷನ್ನಿನೊಂದಿಗೆ ಹುಟ್ಟಿದ ಕಾಯಿಲೆಯಲ್ಲ. ಕತೆಯನ್ನು ಕಂತು ಕಂತಾಗಿ ಹೇಳುವ ಪದ್ಧತಿ ಬಂದಂದೇ ಇದೂ ಬಂತು. 1868ರಲ್ಲಿ ಲೂಯಿಸಾ ಮೇ ಆಲ್ಕಾಟ್ 'ಲಿಟ್ಲ್ ವಿಮೆನ್' ಕಾದಂಬರಿಯ ಮೊದಲ ಭಾಗವನ್ನು ಪ್ರಕಟಿಸಿದಾಗ, ಆ ಹುಡುಗಿಯರು ಯಾರು ಯಾರನ್ನು ಮದುವೆಯಾಗುತ್ತಾರೆಂದು ಕೇಳಿ ಓದುಗ ಹುಡುಗಿಯರು ಆಕೆಗೆ ಬರೆದರು. ನಾಯಕಿ ಜೋ ನೆರೆಮನೆಯ ಲಾರಿಯ ಕೈಹಿಡಿಯಲೆಂದು ಎಲ್ಲರ ಆಸೆ. ಆಲ್ಕಾಟ್ ಒಪ್ಪಲಿಲ್ಲ. ಮರುವರ್ಷ ಬಂದ ಎರಡನೆಯ ಭಾಗದಲ್ಲಿ ಜೋಳನ್ನು ಜರ್ಮನಿಯ ನಡುವಯಸ್ಸಿನ ಪ್ರಾಧ್ಯಾಪಕನೊಬ್ಬನಿಗೆ ಕೊಟ್ಟಳು. ಅದಕ್ಕೆ ಕೆಲವು ವರ್ಷ ಮುಂಚೆ, 1861ರಲ್ಲಿ, ಡಿಕನ್ಸ್ ತನ್ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯ ಕೊನೆಯಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಅಗಲಿಹೋಗುವಂತೆ ಬರೆದಿದ್ದವನು, ಮಿತ್ರ ಬುಲ್ವರ್ ಲಿಟನ್ನನ ಮಾತು ಕೇಳಿ ಅಚ್ಚಿಗೆ ಹೋಗುವ ಮುನ್ನ ಅದನ್ನು ಬದಲಿಸಿದ. ಒಬ್ಬಳು ಮಣಿಯಲಿಲ್ಲ, ಒಬ್ಬ ಮಣಿದ. ಇಬ್ಬರ ಪುಸ್ತಕಗಳೂ ಉಳಿದವು. ಆದ್ದರಿಂದ, ಜನ ಬಯಸಿದ ಜೋಡಿಯನ್ನು ಕೂಡಿಸಿದರೆ ಗೆಲುವು, ಕೂಡಿಸದಿದ್ದರೆ ಸೋಲು ಎಂಬಷ್ಟು ಸುಲಭದ ಲೆಕ್ಕ ಇದಲ್ಲ.

ಟೆಲಿವಿಷನ್ನಿನ ಬಾಲ್ಯದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. 1951ರಲ್ಲಿ 'ಐ ಲವ್ ಲೂಸಿ' ಆರಂಭವಾದಾಗ ಲೂಸಿಯೂ ರಿಕಿಯೂ ಕತೆಗೆ ಮೊದಲೇ ಗಂಡಹೆಂಡಿರು. ಆ ಪಾತ್ರಗಳನ್ನು ಮಾಡಿದ ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ನಿಜಜೀವನದಲ್ಲಿಯೂ ದಂಪತಿಗಳೇ. 1953ರ ಜನವರಿ 19ರಂದು ಕತೆಯಲ್ಲಿ ಲೂಸಿಗೆ ಗಂಡುಮಗುವಾಯಿತು. ಅದೇ ದಿನ ಆಸ್ಪತ್ರೆಯಲ್ಲಿ ನಟಿಗೂ ಗಂಡುಮಗುವಾಯಿತು. ಮದುವೆಯೆಂಬುದು ಅಲ್ಲಿ ಮನೆಯ ನಡುಗಂಬದಂತೆ. ಹಾಸ್ಯದ ತೋರಣವನ್ನೆಲ್ಲ ಅದಕ್ಕೆ ಕಟ್ಟಬಹುದಾಗಿತ್ತು. ಕಂಬ ಅಲ್ಲಾಡೀತೆಂಬ ಭಯ ಯಾರಿಗೂ ಇರಲಿಲ್ಲ.

ಆ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವಿದೆ. 1970ರಲ್ಲಿ ಮೇರಿ ಟೈಲರ್ ಮೂರ್ ಎಂಬ ನಟಿಗಾಗಿ ಹೊಸ ಧಾರಾವಾಹಿಯೊಂದನ್ನು ಯೋಚಿಸಿದ ಲೇಖಕರು, ನಾಯಕಿ ಗಂಡನಿಂದ ವಿಚ್ಛೇದನ ಪಡೆದು ಹೊಸ ಊರಿಗೆ ಬರುತ್ತಾಳೆಂದು ಕತೆ ಹೆಣೆದಿದ್ದರು. ಸಂಸ್ಥೆಯವರು ಹೌಹಾರಿದರು. ಆ ನಟಿ 1961ರಿಂದ 1966ರವರೆಗೆ ಇನ್ನೊಂದು ಧಾರಾವಾಹಿಯಲ್ಲಿ ಡಿಕ್ ವ್ಯಾನ್ ಡೈಕ್‌ನ ಹೆಂಡತಿಯಾಗಿ ಮನೆಮಾತಾಗಿದ್ದಳು. ಈಗ ಆ ಸಜ್ಜನನನ್ನೇ ಇವಳು ಬಿಟ್ಟುಬಂದಳೆಂದು ಜನ ತಿಳಿದಾರು ಎಂಬುದು ಅವರ ಅಂಜಿಕೆ! ಕಡೆಗೆ ವಿಚ್ಛೇದನ ಹೋಗಿ, ಮುರಿದುಬಿದ್ದ ಪ್ರೇಮವೊಂದು ಅದರ ಜಾಗಕ್ಕೆ ಬಂತು. ನಮ್ಮ ರೋಡಾ ಮೊದಲು ಕಾಣಿಸಿಕೊಂಡದ್ದು ಈ ಮೇರಿಯ ಗೆಳತಿಯಾಗಿಯೇ. ನಾಲ್ಕು ವರ್ಷ ಗಂಡು ಸಿಗದೆ, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತ, ಜನರನ್ನು ನಗಿಸಿದವಳು ಅವಳು. ಅವಳಿಗೆ ಮದುವೆಯಾದಾಗ ದೇಶಕ್ಕೆ ದೇಶವೇ ಕಣ್ಣರಳಿಸಿದ್ದು ಅದಕ್ಕಾಗಿ.

ಹಾಗಾದರೆ ಅವಳ ಮದುವೆ ಮುರಿದದ್ದೇಕೆ? ಲೇಖಕರೇ ಒಪ್ಪಿಕೊಂಡ ಕಾರಣ ಇಷ್ಟೇ: ಸುಖವಾಗಿ ಸಂಸಾರ ಮಾಡಿಕೊಂಡಿದ್ದ ರೋಡಾಳಲ್ಲಿ ಅವರಿಗೆ ಹಾಸ್ಯ ಹುಟ್ಟಲಿಲ್ಲ. ಒಂಟಿ ರೋಡಾ ನಗಿಸುತ್ತಿದ್ದಳು; ಆದ್ದರಿಂದ ಅವಳನ್ನು ಮತ್ತೆ ಒಂಟಿ ಮಾಡಬೇಕಾಯಿತು. ಜೋ ಕೆಟ್ಟವನೆಂದಲ್ಲ, ರೋಡಾ ಒರಟೆಂದಲ್ಲ. ಸುಖದಾಂಪತ್ಯದಲ್ಲಿ ಹಾಸ್ಯವಿಲ್ಲವೆಂಬ ಮಾತು ಸುಳ್ಳೆಂಬುದನ್ನು ಲೂಸಿಯೂ ರಿಕಿಯೂ ಇಪ್ಪತ್ತು ವರ್ಷ ಮೊದಲೇ ತೋರಿಸಿಕೊಟ್ಟಿದ್ದರು. ಪ್ರೇಕ್ಷಕರಿಗೆ ಸಿಟ್ಟು ಬಂದದ್ದು ವಿಚ್ಛೇದನಕ್ಕಲ್ಲ. ಆ ಕಾಲಕ್ಕೆ ಅಮೆರಿಕದ ಮನೆಗಳಲ್ಲಿ ವಿಚ್ಛೇದನ ಅಪರೂಪದ ಸಂಗತಿಯಾಗಿರಲಿಲ್ಲ. ಒಡಕಿನ ಕಾರಣ ಆ ಮನೆಯೊಳಗೆ ಇರಲಿಲ್ಲ, ಲೇಖಕರ ಕೊಠಡಿಯಲ್ಲಿತ್ತು. ಅದನ್ನು ಜನ ಮೂಸಿ ನೋಡಿ ಕಂಡುಹಿಡಿದರು. ನನ್ನ ವಾದವೆಲ್ಲ ಇದೇ.

ಈ ವಾದಕ್ಕೆ ಇನ್ನೊಂದು ಪಕ್ಕದ ಸಾಕ್ಷ್ಯವೂ ಉಂಟು. ಬಾಸ್ಟನ್ ನಗರದ ಒಂದು ಮದ್ಯದಂಗಡಿಯಲ್ಲಿ ನಡೆಯುವ 'ಚಿಯರ್ಸ್' ಎಂಬ ಧಾರಾವಾಹಿ 1982ರಿಂದ 1993ರವರೆಗೆ ನಡೆಯಿತು. ಅಂಗಡಿಯ ಒಡೆಯ ಸ್ಯಾಮ್ ಮೆಲೋನ್ ಹಿಂದೆ ಬೇಸ್‌ಬಾಲ್ ಆಟಗಾರ, ಹೆಣ್ಣುಗಳ ಬೆನ್ನು ಹತ್ತುವವ, ಪುಸ್ತಕಕ್ಕೂ ಅವನಿಗೂ ದೂರ. ಅಲ್ಲಿಗೆ ಪರಿಚಾರಿಕೆಯಾಗಿ ಬಂದ ಡಯೇನ್ ಚೇಂಬರ್ಸ್ ಸಾಹಿತ್ಯದ ಗೀಳಿನವಳು. ಮಾತೆತ್ತಿದರೆ ಕಾವ್ಯ, ತತ್ತ್ವಶಾಸ್ತ್ರ. ಇಬ್ಬರೂ ಐದು ವರ್ಷ ಕಚ್ಚಾಡುತ್ತ ಪ್ರೀತಿಸಿದರು, ಪ್ರೀತಿಸುತ್ತ ಕಚ್ಚಾಡಿದರು. ಆ ಹೊತ್ತಿಗೆ ಡಯೇನ್ ಪಾತ್ರದ ಶೆಲಿ ಲಾಂಗ್ ಕೆಲಸ ಬಿಡುವುದಾಗಿ ತಿಳಿಸಿದಳು. ಇಲ್ಲಿಯೂ ಅಗಲಿಕೆಯ ಕಾರಣ ಹೊರಗಿನದೇ. ನಟಿಯ ಕರಾರಿಗೂ ಪಾತ್ರದ ಮನಸ್ಸಿಗೂ ಸಂಬಂಧವಿಲ್ಲ. ಆದರೆ ಲೇಖಕರು ಏನು ಮಾಡಿದರು ನೋಡಿ. 1987ರ ಮೇ 7ರಂದು ಪ್ರಸಾರವಾದ ಕಂತಿನಲ್ಲಿ, ಮದುವೆಯ ಮುಹೂರ್ತವೇ ಒದಗಿರುವಾಗ, ಡಯೇನ್ ಎಂದೋ ಬರೆದು ಬಿಟ್ಟಿದ್ದ ಕಾದಂಬರಿಗೆ ಪ್ರಕಾಶಕರಿಂದ ಕರೆ ಬರುತ್ತದೆ. ಆರು ತಿಂಗಳಲ್ಲಿ ಬರೆದು ಮುಗಿಸಿ ಬರುತ್ತೇನೆಂದು ಅವಳು ಹೊರಡುತ್ತಾಳೆ. ಅವಳು ಬರಲಾರಳೆಂಬುದು ಸ್ಯಾಮ್‌ಗೆ ಗೊತ್ತು. ಹೋಗೆಂದು ಒತ್ತಾಯಿಸುವವನೂ ಅವನೇ.

ಜನ ಮರುಗಿದರು, ಆದರೆ ಮುನಿದು ಬಿಟ್ಟುಹೋಗಲಿಲ್ಲ. ಧಾರಾವಾಹಿ ಡಯೇನ್ ಇಲ್ಲದೆ ಇನ್ನೂ ಆರು ವರ್ಷ ನಡೆಯಿತು. ಬರೆಯುವ ಹಂಬಲ ಅವಳಲ್ಲಿ ಮೊದಲಿನಿಂದ ಇತ್ತು. ಅವಳನ್ನು ಕರೆದೊಯ್ದದ್ದು ಆ ಹಂಬಲ. ಹೊರಗಿನಿಂದ ಬಂದ ಆಪತ್ತಿಗೆ ಒಳಗೆ ಒಂದು ಕಾರಣವನ್ನು ಹುಡುಕಿಕೊಟ್ಟರೆ ಕತೆ ಬದುಕುತ್ತದೆ.

ಕಾಳಿದಾಸ ಮಾಡಿದ್ದೂ ಇದನ್ನೇ ಅಲ್ಲವೆ? ಮಹಾಭಾರತದ ದುಷ್ಯಂತ ಎಲ್ಲ ನೆನಪಿದ್ದೂ ಶಕುಂತಲೆಯನ್ನು ಅರಿಯೆನೆಂದ. ಅಂಥವನನ್ನು ರಂಗದ ಮೇಲೆ ತಂದರೆ ಸಹೃದಯರು ಸಹಿಸಲಾರರೆಂದು ಕವಿಗೆ ತಿಳಿದಿತ್ತು. ಆದ್ದರಿಂದ ದುರ್ವಾಸರ ಶಾಪವನ್ನು ತಂದ, ಉಂಗುರವನ್ನು ತಂದ. ಶಾಪವೇನೋ ಹೊರಗಿನದು. ಆದರೆ ಬಾಗಿಲಿಗೆ ಬಂದ ಅತಿಥಿಯನ್ನು ಕಾಣದಷ್ಟು ಶಕುಂತಲೆ ಪ್ರೇಮದಲ್ಲಿ ಮೈಮರೆತದ್ದರಿಂದ ಆ ಶಾಪ ತಗಲಿತು. ಅಗಲಿಕೆಯ ಬೀಜ ಅವಳ ಒಲವಿನಲ್ಲಿಯೇ ಇತ್ತು. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದದ್ದನ್ನು ಬಾಸ್ಟನ್ನಿನ ಮದ್ಯದಂಗಡಿಯ ಪ್ರೇಕ್ಷಕನೂ ಬಲ್ಲ. ಆ ಹೆಸರು ಮಾತ್ರ ಅವನಿಗೆ ತಿಳಿಯದು.

ಇನ್ನು ಈ ಉದ್ಯಮದ ವ್ಯವಹಾರವನ್ನು ಸ್ವಲ್ಪ ತಿಳಿದುಕೊಳ್ಳದೆ ಲೇಖಕರನ್ನು ದೂರುವುದು ನ್ಯಾಯವಲ್ಲ. ಅಲ್ಲಿನ ವಾಣಿಜ್ಯ ಟೆಲಿವಿಷನ್ನಿನಲ್ಲಿ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ಒಂದು ಋತು. ಇಪ್ಪತ್ತೆರಡೋ ಇಪ್ಪತ್ನಾಲ್ಕೋ ಕಂತುಗಳು. ಮುಂದಿನ ವರ್ಷ ಉಂಟೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಮೇ ತಿಂಗಳಿಗೆ ತಿಳಿಯುತ್ತದೆ. ನೂರರ ಸುಮಾರು ಕಂತುಗಳಾದರೆ ಮರುಪ್ರಸಾರಕ್ಕೆ ಮಾರಿ ಹಣ ಮಾಡಬಹುದು. ಹೀಗಿರುವಾಗ ನಾಯಕ ನಾಯಕಿಯರು ಎಂದು ಕೂಡಬೇಕೆಂಬುದನ್ನು ಯಾರು ತಾನೆ ಮೊದಲೇ ನಿಶ್ಚಯಿಸಬಲ್ಲರು? ಬೇಗ ಕೂಡಿಸಿದರೆ ಮುಂದೆ ಕತೆಯಿಲ್ಲ. ತಡಮಾಡಿದರೆ ಸಂಸ್ಥೆ ನಡುವೆಯೇ ಬಾಗಿಲು ಹಾಕೀತು. ಇದರ ಮೇಲೆ ಒಂದು ಮೂಢನಂಬಿಕೆ ಬೇರೆ. 'ಮೂನ್‌ಲೈಟಿಂಗ್' ಎಂಬ ಪತ್ತೇದಾರಿ ಹಾಸ್ಯ ಧಾರಾವಾಹಿಯಲ್ಲಿ 1987ರಲ್ಲಿ ನಾಯಕ ನಾಯಕಿಯರನ್ನು ಕೂಡಿಸಿದರು. ಎರಡು ವರ್ಷದಲ್ಲಿ ಅದು ನಿಂತಿತು. ಕೂಡಿಸಿದ್ದೇ ಕೇಡೆಂದು ಉದ್ಯಮವೆಲ್ಲ ಪಾಠ ಕಲಿತಿತು. ಆ ಅವಧಿಯಲ್ಲಿ ನಟಿ ಗರ್ಭಿಣಿಯಾಗಿದ್ದಳು, ನಟ ಸಿನಿಮಾಕ್ಕೆ ಹೋಗಿದ್ದ, 1988ರಲ್ಲಿ ಲೇಖಕರ ಮುಷ್ಕರ ನಡೆಯಿತು. ಇಬ್ಬರನ್ನೂ ಒಟ್ಟಿಗೆ ತೋರಿಸುವುದೇ ದುಸ್ತರವಾಗಿತ್ತು. ಇದನ್ನು ಮಾತ್ರ ಎಲ್ಲರೂ ಅನುಕೂಲವಾಗಿ ಮರೆತರು.

ಈ ಪಾಠದ ನೆರಳಿನಲ್ಲಿ ಬೆಳೆದದ್ದು, ಕೇಬಲ್ ಬಂದಮೇಲೆ ನಮ್ಮ ನಗರದ ಮನೆಗಳಿಗೂ ಪರಿಚಿತವಾದ 'ಫ್ರೆಂಡ್ಸ್'. 1994ರ ಸೆಪ್ಟೆಂಬರ್ 22ರಿಂದ 2004ರ ಮೇ 6ರವರೆಗೆ, 236 ಕಂತು. ರಾಸ್ ಮತ್ತು ರೇಚಲ್ ಕೂಡಿ, ಅಗಲಿ, ಒಂದು ರಾತ್ರಿ ಕುಡಿದ ಅಮಲಿನಲ್ಲಿ ಮದುವೆಯಾಗಿ, ವಿಚ್ಛೇದನ ಪಡೆದು, ಮಗುವನ್ನು ಹೆತ್ತು, ಆಮೇಲೂ ಬೇರೆಯೇ ಉಳಿದು, ಕಟ್ಟಕಡೆಯ ಕಂತಿನ ಕಡೆಯ ನಿಮಿಷಗಳಲ್ಲಿ ಒಂದಾದರು. ನಡುವೆ ರೇಚಲ್‌ಗೂ ಗೆಳೆಯ ಜೋಯಿಗೂ ಗಂಟು ಹಾಕಲು ಹೊರಟಾಗ ಬಹುಮಂದಿ ಅಭಿಮಾನಿಗಳು ಮುಖ ಗಂಟಿಕ್ಕಿದರು. ಕತೆ ಅಲ್ಲಿಂದ ಬೇಗನೆ ಹಿಂದೆಗೆಯಿತು. ಕೊನೆಯ ಕಂತನ್ನು ಅಮೆರಿಕದಲ್ಲಿಯೇ ಐದು ಕೋಟಿಗೂ ಮೀರಿ ಜನ ನೋಡಿದರು.

ಆದರೆ ನನಗೆ ಮುಖ್ಯವೆನಿಸುವುದು ಆ ಧಾರಾವಾಹಿಯ ಇನ್ನೊಂದು ಜೋಡಿ. 1998ರ ಮೇ ತಿಂಗಳ ಕಂತು. ಲಂಡನ್ ನಗರದಲ್ಲಿ ಪ್ರೇಕ್ಷಕರ ಎದುರಿನಲ್ಲಿಯೇ ಚಿತ್ರೀಕರಣ. ಚಾಂಡ್ಲರನ ಹಾಸಿಗೆಯ ಹೊದಿಕೆಯಡಿಯಿಂದ ಮೋನಿಕಾ ತಲೆ ಹೊರಹಾಕಿದಳು. ಲೇಖಕರು ಎಣಿಸಿದ್ದು ಅದೊಂದು ಕ್ಷಣಿಕ ವಿನೋದವೆಂದು. ಕುಳಿತಿದ್ದ ಜನವೋ ಹರ್ಷದಿಂದ ಬೊಬ್ಬಿಟ್ಟರು. ಆ ಗದ್ದಲ ಅಡಗುವವರೆಗೆ ನಟರು ಮಾತು ನಿಲ್ಲಿಸಿ ಕಾಯಬೇಕಾಯಿತು. ತಾವು ಕಾಣದ ಯಾವುದನ್ನೋ ಜನ ಕಂಡಿದ್ದಾರೆಂದು ಲೇಖಕರಿಗೆ ಹೊಳೆಯಿತು. ಆ ಕ್ಷಣಿಕ ವಿನೋದ ಮದುವೆಯಾಗಿ, ಸಂಸಾರವಾಗಿ, ಇಡೀ ಧಾರಾವಾಹಿಯ ಅತ್ಯಂತ ನೆಮ್ಮದಿಯ ದಾಂಪತ್ಯವಾಯಿತು. ಮುದ್ದಣ ಕತೆ ಹೇಳುವಾಗ ಮನೋರಮೆ ಪಕ್ಕದಲ್ಲಿ ಕುಳಿತಿರುತ್ತಾಳೆ. ನಡುವೆ ಬಾಯಿ ಹಾಕುತ್ತಾಳೆ, ಕೊಂಕು ತೆಗೆಯುತ್ತಾಳೆ, ಮೆಚ್ಚುತ್ತಾಳೆ. ಲಂಡನ್ನಿನಲ್ಲಿ ಅಂದು ಬೊಬ್ಬಿಟ್ಟವರು ಮನೋರಮೆಯ ಬಳಗದವರು.

ಮನೋರಮೆಯನ್ನು ಹೊರಗಿಟ್ಟು ಕತೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ 'ಹೌ ಐ ಮೆಟ್ ಯುವರ್ ಮದರ್' ಸಾಕ್ಷಿ. 2005ರ ಸೆಪ್ಟೆಂಬರಿನಲ್ಲಿ ಇದು ಆರಂಭವಾಯಿತು. 2030ರಲ್ಲಿ ಟೆಡ್ ಎಂಬ ತಂದೆ ತನ್ನ ಮಗಳನ್ನೂ ಮಗನನ್ನೂ ಕೂರಿಸಿಕೊಂಡು, ನಿಮ್ಮ ತಾಯಿಯನ್ನು ನಾನು ಕಂಡದ್ದು ಹೇಗೆಂದು ಹೇಳುವುದೇ ಕತೆಯ ಚೌಕಟ್ಟು. ಮೊದಲ ಕಂತಿನಲ್ಲಿ ಟೆಡ್ ರಾಬಿನ್ ಎಂಬ ಹುಡುಗಿಗೆ ಮನಸೋಲುತ್ತಾನೆ. ತಾಯಿ ಇವಳೇ ಎಂದು ನಾವು ನಂಬುವಷ್ಟರಲ್ಲಿ, ಇವಳಲ್ಲ ಎಂದು ತಂದೆಯೇ ಹೇಳಿಬಿಡುತ್ತಾನೆ. ಚಮತ್ಕಾರವಾದ ಆರಂಭ.

ಆದರೆ ಒಂದು ಪೇಚು. ಕೇಳುತ್ತ ಕುಳಿತ ಮಕ್ಕಳ ಪಾತ್ರಧಾರಿಗಳು ಹರೆಯದವರು. ವರ್ಷಗಳುರುಳಿದರೆ ಅವರೂ ಬೆಳೆದುಬಿಡುತ್ತಾರೆ. ಅದಕ್ಕಾಗಿ ಕಡೆಯ ಕಂತಿಗೆ ಬೇಕಾದ ಅವರ ದೃಶ್ಯವನ್ನು 2006ರ ಸುಮಾರಿಗೇ ಗುಟ್ಟಾಗಿ ಚಿತ್ರಿಸಿ ಬೀಗ ಹಾಕಿ ಇಟ್ಟರು. ತಾಯಿ ತೀರಿಕೊಂಡು ಆರು ವರ್ಷವಾಗಿದೆ, ತಂದೆಯ ಮನಸ್ಸು ಇನ್ನೂ ರಾಬಿನಳ ಮೇಲಿದೆ, ಹೋಗಿ ಅವಳನ್ನು ಕಾಣಲಿ ಎಂದು ಮಕ್ಕಳು ಒಪ್ಪಿಗೆ ಕೊಡುವುದು ಆ ದೃಶ್ಯ. ಮೇಲಾಗಿ, ಈ ಧಾರಾವಾಹಿಯನ್ನು ಪ್ರೇಕ್ಷಕರ ಮುಂದೆ ಚಿತ್ರಿಸುತ್ತಿರಲಿಲ್ಲ. ಮುಗಿದ ಕಂತನ್ನು ತೋರಿಸಿ ನಗೆಯನ್ನು ಆಮೇಲೆ ಸೇರಿಸುತ್ತಿದ್ದರು.

ಬೀಗ ಹಾಕಿದ ಪೆಟ್ಟಿಗೆ ಒಳಗೆ ಹಾಗೆಯೇ ಇತ್ತು. ಹೊರಗೆ ಕತೆ ಬೆಳೆಯಿತು. ಟೆಡ್ ಮತ್ತು ರಾಬಿನ್ ಒಬ್ಬರಿಗೊಬ್ಬರು ಸಲ್ಲರೆಂದು ವರ್ಷಗಟ್ಟಲೆ ತೋರಿಸಿದರು. ರಾಬಿನ್ ಬಾರ್ನಿಗೆ ಒಲಿದಳು. 2013ರಲ್ಲಿ ಕಡೆಗೂ ತಾಯಿ ಟ್ರೇಸಿ ಮುಖ ತೋರಿದಳು. ಕ್ರಿಸ್ಟಿನ್ ಮಿಲಿಯೋಟಿಯ ಅಭಿನಯದಿಂದ ಒಂದೇ ವರ್ಷದಲ್ಲಿ ಜನರ ಅಕ್ಕರೆಗೆ ಪಾತ್ರಳಾದಳು. ಒಂಬತ್ತನೆಯ ವರ್ಷದ ಹೆಚ್ಚುಕಡಿಮೆ ಎಲ್ಲ ಕಂತುಗಳೂ ಬಾರ್ನಿ ಮತ್ತು ರಾಬಿನರ ಮದುವೆಯ ಎರಡು ಮೂರು ದಿನಗಳಲ್ಲಿಯೇ ಕಳೆದವು. ಆಮೇಲೆ 2014ರ ಮಾರ್ಚ್ 31 ಬಂತು. ಒಂದು ಗಂಟೆಯೊಳಗೆ ಆ ಮದುವೆ ಮುರಿಯಿತು, ಟ್ರೇಸಿ ಸತ್ತಳು, ಬೀಗ ತೆಗೆದ ಪೆಟ್ಟಿಗೆಯಿಂದ ಎಂಟು ವರ್ಷ ಹಿಂದಿನ ಮಕ್ಕಳು ಹೊರಬಂದು ಹೋಗೆಂದರು. ಟೆಡ್ ನೀಲಿಯ ತುತ್ತೂರಿ ಹಿಡಿದು ರಾಬಿನಳ ಕಿಟಕಿಯ ಕೆಳಗೆ ನಿಂತ.

ಪ್ರೇಕ್ಷಕರ ಕೋಪ ಭುಗಿಲೆದ್ದಿತು. ಅಂತ್ಯವನ್ನು ಬದಲಿಸಿರೆಂದು ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಅದೇ ವರ್ಷ ಧಾರಾವಾಹಿಯ ಡಿ.ವಿ.ಡಿ. ಬಂದಾಗ ಅದರಲ್ಲಿ ಇನ್ನೊಂದು ಅಂತ್ಯವಿತ್ತು. ಅಲ್ಲಿ ತಾಯಿ ಸಾಯುವುದಿಲ್ಲ, ರೈಲು ನಿಲ್ದಾಣದಲ್ಲಿ ಹಳದಿ ಕೊಡೆಯಡಿ ಇಬ್ಬರೂ ಭೇಟಿಯಾಗುವಲ್ಲಿಗೆ ಕತೆ ನಿಲ್ಲುತ್ತದೆ. ನೂರೈವತ್ತು ವರ್ಷ ಹಿಂದೆ ಡಿಕನ್ಸ್ ಅಚ್ಚಿಗೆ ಮುನ್ನ ಮಾಡಿದ್ದನ್ನು ಇವರು ಅಚ್ಚಾದಮೇಲೆ ಮಾಡಿದರು.

ಲೇಖಕರಿಗೆ ದುಃಖಾಂತ್ಯ ಬರೆಯುವ ಹಕ್ಕಿಲ್ಲವೆ? ಧಾರಾಳವಾಗಿ ಇದೆ. ಆಲ್ಕಾಟ್ ಓದುಗರಿಗೆ ಮಣಿಯದೆ ಇದ್ದದ್ದು ಸರಿಯೇ. ಜನರ ಇಷ್ಟದಂತೆ ಕತೆ ಬರೆಯುವವನು ಲೇಖಕನಲ್ಲ, ಅಡಿಗೆಯವನು. ಆದರೆ ಆಲ್ಕಾಟ್ ನಡೆದದ್ದು ಜೋಳ ಸ್ವಭಾವದ ಜಾಡು ಹಿಡಿದು. ಇವರು ಬೀಗದ ಪೆಟ್ಟಿಗೆಗೆ ನಿಷ್ಠರಾದರು. 2006ರಲ್ಲಿ ಆ ಅಂತ್ಯ ಸತ್ಯವಾಗಿದ್ದಿರಬಹುದು. ಪಾತ್ರಗಳು ಅಲ್ಲಿಂದ ಬಹುದೂರ ನಡೆದುಬಂದಿದ್ದವು. ಅವುಗಳೊಂದಿಗೆ ನೋಡುಗರೂ ನಡೆದುಬಂದಿದ್ದರು. ಶಾಲೆಯ ಹುಡುಗಿಯಾಗಿ ಮೊದಲ ಕಂತನ್ನು ನೋಡಿದವಳು ಕಡೆಯ ಕಂತಿನ ಹೊತ್ತಿಗೆ ಸಂಬಳ ತರುವ ಹೆಂಗಸು. ಬೆಳೆದ ಅವಳಿಗೆ ಆ ಎಂಟು ವರ್ಷ ನಡೆಯಲೇ ಇಲ್ಲವೆಂದು ಹೇಳಿದಂತಾಯಿತು.

ವಾರಕ್ಕೆ ಅರ್ಧ ಗಂಟೆಯಂತೆ ಒಂಬತ್ತು ಹತ್ತು ವರ್ಷ ಒಂದು ಮನೆಗೆ ಹೋಗಿಬಂದವನನ್ನು ಅತಿಥಿಯೆನ್ನಲಾದೀತೆ? ಅವನು ನೆಂಟನಾಗಿಬಿಡುತ್ತಾನೆ. ಆ ಮನೆಯಲ್ಲಿ ಸಾವಾದರೆ ಅಳುತ್ತಾನೆ, ಜಗಳವಾದರೆ ನೊಂದುಕೊಳ್ಳುತ್ತಾನೆ, ಇವೆರಡನ್ನೂ ಅವನು ಸಹಿಸಬಲ್ಲ. ಮನೆಯವರು ತನ್ನೊಡನೆ ನಿಜ ಹೇಳುತ್ತಿಲ್ಲವೆಂದು ತಿಳಿದಾಗ ಮಾತ್ರ ಎದ್ದುಹೋಗುತ್ತಾನೆ.

ರೋಡಾಳ ಮದುವೆಯನ್ನು ಜೋ ಮುರಿಯಲಿಲ್ಲ, ರೋಡಾಳೂ ಮುರಿಯಲಿಲ್ಲ. 1976ರಲ್ಲಿ ಸಿಟ್ಟಿನಿಂದ ಕಾಗದ ಬರೆದವರಿಗೆ ಅದು ಗೊತ್ತಿತ್ತು. ತಪ್ಪು ವಿಳಾಸಕ್ಕೆ ಬರೆದರೆಂದು ಅವರನ್ನು ನಕ್ಕವರುಂಟು. ಸಂತಾಪದ ಕಾಗದ ಇಲ್ಲದ ಹೆಂಗಸಿಗೆ ಹೋಯಿತು, ನಿಜ. ಆದರೆ ಅವರ ದೂರು ತಲುಪಬೇಕಾದ ಬಾಗಿಲಿಗೇ ತಲುಪಿತು.